ಒಂದು ದಿನದ ಉದ್ಯಾನ, ಒಂದು ವರ್ಷದ ವನ

ಉದ್ಯಾನಕ್ಕೆ ಹೋಗಿಬರುವುದೆಂದರೆ ನಮ್ಮಲ್ಲಿ ಬಹುಮಟ್ಟಿಗೆ ಒಂದು ದಿನದ ವ್ಯವಹಾರ. ರಜದ ದಿನವೊಂದನ್ನು ಗೊತ್ತುಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ಮಕ್ಕಳ ಕೈಹಿಡಿದು ಹೊರಟು, ನೋಡಬೇಕಾದದ್ದನ್ನೆಲ್ಲ ಸಂಜೆಯೊಳಗೆ ನೋಡಿ ಮುಗಿಸಿ, ಅದನ್ನೂ ನೋಡಿದಂತಾಯಿತೆಂಬ ಸಮಾಧಾನದೊಡನೆ ಮನೆಗೆ ಹಿಂದಿರುಗಿದರೆ ಆ ಉದ್ಯಾನದ ಲೆಕ್ಕ ಅಲ್ಲಿಗೆ ಚುಕ್ತವಾದಂತೆಯೇ. ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವದ ಸುಮಾರಿಗೊಮ್ಮೆ, ಸ್ವಾತಂತ್ರ್ಯೋತ್ಸವದ ಸುಮಾರಿಗೊಮ್ಮೆ, ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ನೆರೆಯುವ ಜನಸಂದಣಿಯನ್ನು ಕಂಡವರಾರೂ ನಮ್ಮ ಜನಕ್ಕೆ ಹೂವಿನ ಮೇಲೆ ಪ್ರೀತಿಯಿಲ್ಲವೆಂದು ಹೇಳಲಾರರು. 1889ರಲ್ಲಿ ಅಸ್ತಿಭಾರ ಬಿದ್ದ ಆ ಗಾಜಿನ ಮನೆಯೊಳಗೆ ಗುಲಾಬಿ ಸೇವಂತಿಗೆಗಳಿಂದ ಕಟ್ಟಿದ ಗುಡಿಯನ್ನೋ ಸೌಧವನ್ನೋ ಕಾಣಲು ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲುವವರಲ್ಲಿ ನಾನೂ ಒಬ್ಬನಾಗಿದ್ದವನು. ಆ ಸಂತೋಷವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಆ ಹೂವುಗಳಲ್ಲಿ ಬಹುಪಾಲು ಆ ವಾರಕ್ಕೆಂದೇ ಹದಗೊಂಡು, ಕುಂಡಗಳಲ್ಲಿಯೋ ಬುಟ್ಟಿಗಳಲ್ಲಿಯೋ ಬಂದು, ಸಂಭ್ರಮ ಮುಗಿದೊಡನೆ ಹೊರಟುಹೋಗತಕ್ಕವು. ಉತ್ಸವಮೂರ್ತಿಯ ಮೆರವಣಿಗೆಯನ್ನು ಕಂಡು ಕೃತಾರ್ಥನಾಗಿ ಗರ್ಭಗುಡಿಯ ಮೂಲವಿಗ್ರಹದ ಕಡೆ ಕಣ್ಣೆತ್ತಿಯೂ ನೋಡದೆ ಮನೆಗೆ ಮರಳುವ ಭಕ್ತನಂತೆ, ಅದೇ ತೋಟದಲ್ಲಿ ಶತಮಾನಗಳಿಂದ ನಿಂತು ಪ್ರತಿ ವರ್ಷವೂ ಎಲೆಯುದುರಿಸಿ, ಚಿಗುರಿ, ಹೂತು, ಕಾಯಾಗುತ್ತಿರುವ ಮಹಾವೃಕ್ಷಗಳನ್ನು ನಾವು ದಾಟಿ ಬರುತ್ತೇವೆ.

ಕೃಷ್ಣರಾಜಸಾಗರದ ಬೃಂದಾವನದ ವಿಷಯವೂ ಹೆಚ್ಚು ಭಿನ್ನವಲ್ಲ. ಕಾರಂಜಿಗೂ ದೀಪಕ್ಕೂ ಚೈತ್ರವೆಂದರೇನು, ಕಾರ್ತಿಕವೆಂದರೇನು? ಯಾವ ದಿನ ಹೋದರೂ ಒಂದೇ ನೋಟ ದೊರೆಯಬೇಕೆಂಬುದೇ ಅಂತಹ ಉದ್ಯಾನಗಳ ಪ್ರತಿಜ್ಞೆ. ದೂರದಿಂದ ಒಂದೇ ಸಲ ಬರುವ ಪ್ರವಾಸಿಗೆ ಅದು ನ್ಯಾಯವಾದ ಪ್ರತಿಜ್ಞೆಯೂ ಹೌದು. ಆದರೆ ಋತುವಿಗೆ ಅಧಿಕಾರವೇ ಇಲ್ಲದ ಇಂತಹ ಉದ್ಯಾನಗಳ ಜೊತೆಗೆ, ಋತುವೇ ಪ್ರದರ್ಶನವಾಗಿರುವ, ಒಂದು ಸಲ ನೋಡಿದವನು ನೋಡಲೇ ಇಲ್ಲವೆಂದು ಹೇಳಬೇಕಾದ ಬೇರೊಂದು ಬಗೆಯ ಉದ್ಯಾನವೂ ನಮ್ಮ ನಾಡಿಗೆ ಬೇಕು ಎಂಬುದು ನನ್ನ ವಾದ. ಅಂತಹುದೊಂದನ್ನು ಹತ್ತಿರದಿಂದ ನೋಡುವ ಅವಕಾಶ, ಮಕ್ಕಳು ದೂರದೇಶದಲ್ಲಿ ನೆಲಸಿರುವ ಅನೇಕ ಕನ್ನಡಿಗ ತಂದೆತಾಯಿಗಳಿಗೆ ಒದಗುವಂತೆಯೇ ನನಗೂ ಒದಗಿತು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ, ಬಾಸ್ಟನ್ ನಗರದಿಂದ ಪಶ್ಚಿಮಕ್ಕೆ ಸುಮಾರು 20 ಮೈಲಿ ದೂರದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿರುವ ಆ ವನದ ಹೆಸರು ‘ಗಾರ್ಡನ್ ಇನ್ ದ ವುಡ್ಸ್’.

1931ರಲ್ಲಿ ವಿಲ್ ಕರ್ಟಿಸ್ ಎಂಬ ಉದ್ಯಾನ ವಿನ್ಯಾಸಕನು ಅಲ್ಲಿ 30 ಎಕರೆ ಕಾಡುನೆಲವನ್ನು ಕೊಂಡುಕೊಂಡನು. ಹಿಮಯುಗದಲ್ಲಿ ಆ ಪ್ರಾಂತವನ್ನೆಲ್ಲ ಮುಚ್ಚಿದ್ದ ಹಿಮರಾಶಿಯು ಕರಗಿ ಹಿಂದೆ ಸರಿದಾಗ, ಅದರ ತಳದಲ್ಲಿ ಹರಿಯುತ್ತಿದ್ದ ತೊರೆಗಳು ತಂದು ಪೇರಿಸಿದ ಜಲ್ಲಿಯ ಉದ್ದುದ್ದ ದಿಣ್ಣೆಗಳೂ, ಮಣ್ಣಿನಲ್ಲಿ ಹೂತುಹೋಗಿದ್ದ ಹಿಮದ ಗಡ್ಡೆಗಳು ಕರಗಿದಲ್ಲಿ ಉಂಟಾದ ಗುಂಡನೆಯ ಕುಳಿಗಳೂ ಕೂಡಿ, ಏರಿಳಿತವಲ್ಲದೆ ಸಮತಲವೇ ಇಲ್ಲವೆನ್ನಬಹುದಾದ ಆ ಭೂಮಿಯನ್ನು ಬೇರೆ ಯಾವ ಉದ್ಯಾನಕಾರನಾದರೂ ಮೊದಲು ಮಟ್ಟಸಮಾಡಿಸುತ್ತಿದ್ದನು. ಕರ್ಟಿಸನು ಹಾಗೆ ಮಾಡಲಿಲ್ಲ. ದಿಣ್ಣೆಯ ನೆತ್ತಿಯೇ ಕಾಲುದಾರಿಯಾಯಿತು, ಕುಳಿಯೇ ಕೊಳವಾಯಿತು, ಒಣ ಇಳಿಜಾರಿಗೆ ಒಣನೆಲದ ಗಿಡವೂ ಜವುಗಿಗೆ ಜವುಗಿನ ಗಿಡವೂ ಬಂದವು. ಸ್ವಲ್ಪ ಕಾಲದಲ್ಲಿಯೇ ಜೊತೆಗೂಡಿದ ಡಿಕ್ ಸ್ಟೈಲ್ಸ್ ಎಂಬ ಸ್ನೇಹಿತನೊಡನೆ ಮೂರು ದಶಕಗಳಿಗೂ ಮೀರಿ ದುಡಿದು, 1965ರಲ್ಲಿ ಆತನು ಆ ವನವನ್ನು, ದೇಶೀಯ ಸಸ್ಯಗಳ ರಕ್ಷಣೆಗೆಂದು 1900ರಲ್ಲಿಯೇ ಹುಟ್ಟಿಕೊಂಡಿದ್ದ ಒಂದು ಸಂಘಕ್ಕೆ ದಾನವಾಗಿ ಕೊಟ್ಟುಬಿಟ್ಟನು. ಆ ಸಂಘದ ಇಂದಿನ ಹೆಸರು ನೇಟಿವ್ ಪ್ಲಾಂಟ್ ಟ್ರಸ್ಟ್. ವನದ ವಿಸ್ತಾರ ಈಗ 45 ಎಕರೆ.

ಕಾಡಿನ ರೀತಿಯಲ್ಲಿ ತೋಟ ಮಾಡಬೇಕೆಂಬ ಈ ವಿಚಾರವು ಕರ್ಟಿಸನಿಂದ ಹುಟ್ಟಿದುದಲ್ಲ. ಗಾಜಿನ ಮನೆಗಳಲ್ಲಿ ಬೆಳೆಸಿದ ಉಷ್ಣದೇಶದ ಸುಕುಮಾರ ಸಸ್ಯಗಳನ್ನು ತಂದು, ಬಣ್ಣಬಣ್ಣದ ಪಾತಿಗಳಲ್ಲಿ ರಂಗೋಲಿಯಿಟ್ಟಂತೆ ನೆಟ್ಟು, ಋತು ಕಳೆದೊಡನೆ ಕಿತ್ತೆಸೆದು ಮತ್ತೆ ಹೊಸವನ್ನು ನೆಡುವ ವಿಕ್ಟೋರಿಯಾ ಕಾಲದ ಪದ್ಧತಿಯ ಮೇಲೆ ವಿಲಿಯಂ ರಾಬಿನ್‌ಸನ್ ಎಂಬ ಐರಿಷ್ ತೋಟಗಾರನು ಯುದ್ಧ ಹೂಡಿ, 1870ರಲ್ಲಿ ‘ದ ವೈಲ್ಡ್ ಗಾರ್ಡನ್’ ಎಂಬ ಗ್ರಂಥವನ್ನು ಪ್ರಕಟಿಸಿದ್ದನು. ಮರದಡಿಯಲ್ಲಿಯೂ ಹುಲ್ಲಿನ ನಡುವೆಯೂ ತಮ್ಮಷ್ಟಕ್ಕೆ ತಾವು ಬಾಳಬಲ್ಲ ಗಟ್ಟಿ ಸಸ್ಯಗಳನ್ನು ನೆಟ್ಟು, ಮಿಕ್ಕುದನ್ನು ಅವುಗಳಿಗೇ ಬಿಡಬೇಕೆಂಬುದು ಆತನ ಸಿದ್ಧಾಂತದ ತಿರುಳು. ಅದೇ 1870ರಲ್ಲಿ ಇತ್ತ ಬೆಂಗಳೂರಿನಲ್ಲಿ ರಿಚರ್ಡ್ ಸ್ಯಾಂಕಿಯು, ಮುಂದೆ ಕಬ್ಬನ್ ಪಾರ್ಕ್ ಎನಿಸಿಕೊಂಡ ಉಪವನವನ್ನು ರೂಪಿಸುತ್ತಿದ್ದನೆಂಬುದು ಕಾಕತಾಳೀಯವೇ ಆದರೂ ಸ್ವಾರಸ್ಯವಿಲ್ಲದ ಸಂಗತಿಯಲ್ಲ. ಇಂಗ್ಲೆಂಡು ತನ್ನ ಪಾತಿಗಳ ವಿಷಯದಲ್ಲಿ ತನ್ನೊಳಗೇ ಜಗಳವಾಡಿಕೊಂಡು ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತ ಬಂದಿತು. ನಾವಾದರೋ ಅವರಿಂದ ಕಲಿತ ಪಾತಿಯನ್ನು ನಮ್ಮ ಪ್ರಾಚೀನ ಸಂಪ್ರದಾಯವೇ ಎಂಬಂತೆ ಕಾಪಾಡಿಕೊಂಡು ಬಂದು, ಇಂದಿಗೂ ರಸ್ತೆಯ ವೃತ್ತಗಳಲ್ಲಿಯೂ ಸರ್ಕಾರಿ ಕಚೇರಿಗಳ ಮುಂದೆಯೂ ಅದನ್ನೇ ನೆಡುತ್ತಿದ್ದೇವೆ.

ಫ್ರೇಮಿಂಗ್‌ಹ್ಯಾಮಿನ ವನಕ್ಕೆ ಚಳಿಗಾಲದಲ್ಲಿ ಪ್ರವೇಶವಿಲ್ಲ. ಏಪ್ರಿಲ್ ತಿಂಗಳಲ್ಲಿ ಬಾಗಿಲು ತೆರೆಯುತ್ತದೆ. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಆ ತಿಂಗಳಿನಲ್ಲಿ. ಮರಗಳೆಲ್ಲ ಬೋಳು, ನೆಲವೆಲ್ಲ ಹಿಂದಿನ ವರ್ಷದ ಕಂದುಬಣ್ಣದ ಎಲೆ, ನೆರಳಿನಲ್ಲಿ ಅಲ್ಲಲ್ಲಿ ಕೊಳೆಯಾದ ಹಿಮದ ತುಣುಕು. ಇದನ್ನು ನೋಡಲು ಟಿಕೆಟ್ಟೇಕೆ ಎಂದು ನಾನು ಮನಸ್ಸಿನಲ್ಲಿಯೇ ಕೇಳಿಕೊಳ್ಳುತ್ತಿರುವಾಗ, ಜವುಗಿನ ಅಂಚಿನಲ್ಲಿ ಕೆಸರಿನಿಂದ ನೇರವಾಗಿ ಎದ್ದುನಿಂತ, ಕೆನ್ನೇರಿಳೆಯ ಮೇಲೆ ಹಸುರು ಗೆರೆಯುಳ್ಳ, ಮುಸುಕು ಹೊದ್ದ ವಿಚಿತ್ರ ಹೂವೊಂದು ಕಣ್ಣಿಗೆ ಬಿದ್ದಿತು. ಸ್ಕಂಕ್ ಕ್ಯಾಬೇಜ್ ಎಂದು ಅದರ ಹೆಸರು. ನಮ್ಮ ಕೆಸುವಿನ, ಸುವರ್ಣಗೆಡ್ಡೆಯ ಕುಟುಂಬಕ್ಕೆ ಸೇರಿದುದು; ಹತ್ತಿರ ಹೋದರೆ ಆ ಬಾಂಧವ್ಯ ಮೂಗಿಗೂ ತಿಳಿಯುತ್ತದೆ. ಹಿತ್ತಿಲಿನಲ್ಲಿ ಸುವರ್ಣಗೆಡ್ಡೆ ಹೂಬಿಟ್ಟಾಗ ಏನು ಸತ್ತಿದೆಯೆಂದು ಹುಡುಕಾಡಿದ ಅನುಭವ ನಮ್ಮ ಹಳ್ಳಿಗರಿಗೆ ಹೊಸದಲ್ಲವಷ್ಟೆ. ಈ ಗಿಡವು ತನ್ನ ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನು ದಹಿಸಿ, ಹೊರಗಿನ ಗಾಳಿಯು ಹಿಮಬಿಂದುವಿನ ಆಸುಪಾಸಿನಲ್ಲಿದ್ದಾಗಲೂ, ಮುಸುಕಿನೊಳಗಣ ಹೂದಿಂಡನ್ನು ಎಷ್ಟೋ ಡಿಗ್ರಿಗಳಷ್ಟು ಹೆಚ್ಚಿನ ಉಷ್ಣತೆಯಲ್ಲಿ ಕಾಪಾಡಿಕೊಳ್ಳುತ್ತದೆ. ಫೆಬ್ರವರಿ ಮಾರ್ಚಿಯಲ್ಲಿ ಸುತ್ತಲಿನ ಹಿಮವನ್ನು ತಾನೇ ಕರಗಿಸಿಕೊಂಡು ಮೇಲೇಳುವ ಅದರ ಉತ್ಸವಕಾಲವು, ಬಾಗಿಲು ತೆರೆಯುವ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ. ಪ್ರೇಕ್ಷಕರು ಬರುವವರೆಗೆ ಕಾಯಬೇಕೆಂಬ ನಿಯಮವು ಆ ವನದಲ್ಲಿ ಯಾವ ಗಿಡಕ್ಕೂ ಇದ್ದಂತೆ ಕಾಣಲಿಲ್ಲ.

ಏಪ್ರಿಲಿನ ಕೊನೆಯಿಂದ ಮೇ ತಿಂಗಳ ಕೊನೆಯವರೆಗಿನ ಅವಧಿಯನ್ನು ಆ ವನದ ಮಹಾನವಮಿಯೆನ್ನಬೇಕು. ಅಲ್ಲಿನ ಮರಗಳು ಎಲೆಬಿಟ್ಟು ನೆತ್ತಿಯನ್ನು ಮುಚ್ಚಿಕೊಳ್ಳುವ ಮೊದಲು, ಸೂರ್ಯನ ಬೆಳಕು ಅಡ್ಡಿಯಿಲ್ಲದೆ ನೆಲಕ್ಕೆ ಬೀಳುವ ಕೆಲವೇ ವಾರಗಳ ಸಂಧಿಕಾಲವೊಂದುಂಟು. ಆ ಸಂಧಿಯಲ್ಲಿ ನೆಲದ ಸಣ್ಣ ಗಿಡಗಳಲ್ಲಿ ಹಲವು ತಮ್ಮ ಇಡೀ ವರ್ಷದ ಸಂಸಾರವನ್ನು, ಎಂದರೆ ಚಿಗುರುವುದನ್ನೂ ಹೂಬಿಡುವುದನ್ನೂ ಕಾಯಾಗುವುದನ್ನೂ ಮುಂದಿನ ವರ್ಷಕ್ಕೆ ಗೆಡ್ಡೆಯಲ್ಲಿ ಆಹಾರ ಕೂಡಿಡುವುದನ್ನೂ, ಅವಸರ ಅವಸರವಾಗಿ ಮುಗಿಸಿಕೊಳ್ಳಬೇಕು. ಬ್ಲಡ್‌ರೂಟ್ ಎಂಬ ಗಸಗಸೆಯ ಕುಲದ ಗಿಡವು, ತನ್ನ ಒಂದೇ ಎಲೆಯನ್ನು ಶಾಲಿನಂತೆ ಸುತ್ತಿಕೊಂಡು ಒಣತರಗನ್ನು ಭೇದಿಸಿ ಬಂದು, ಶುಭ್ರಶ್ವೇತವಾದ ಹೂವನ್ನು ಅರಳಿಸಿ, ಎರಡು ಮೂರು ದಿನಗಳಲ್ಲಿ ದಳಗಳನ್ನು ಉದುರಿಸಿಬಿಡುತ್ತದೆ. ವರ್ಜೀನಿಯ ಬ್ಲೂಬೆಲ್‌ನ ಮೊಗ್ಗು ಗುಲಾಬಿ, ಅರಳಿದರೆ ನೀಲಿ. ಇವುಗಳ ನಡುವೆ ಮೂರು ಎಲೆ, ಮೂರು ದಳ, ಮೂರು ಪುಷ್ಪಪತ್ರಗಳ ಟ್ರಿಲಿಯಂ ಇಳಿಜಾರಿನುದ್ದಕ್ಕೂ ಬಿಳಿಯಾಗಿ ಹರಡಿಕೊಂಡಿರುವುದನ್ನು ನೋಡಿದಾಗ, ನಮ್ಮ ಮನಸ್ಸಿಗೆ ತಾನಾಗಿಯೇ ಬಿಲ್ವದ ಸ್ಮರಣೆಯಾಗುವುದು ಸ್ವಾಭಾವಿಕವೇ.

ಈ ಟ್ರಿಲಿಯಮ್ಮಿನ ವೃತ್ತಾಂತವನ್ನು ಸ್ವಲ್ಪ ವಿಸ್ತರಿಸಿ ಹೇಳದಿರಲಾರೆ. ಅದರ ಬೀಜಕ್ಕೆ ಎಣ್ಣೆಯಂಶವುಳ್ಳ ಚಿಕ್ಕದೊಂದು ತಿನಿಸು ಅಂಟಿಕೊಂಡಿರುತ್ತದೆ. ಇರುವೆಗಳು ಆ ತಿನಿಸಿನ ಆಸೆಗೆ ಬೀಜವನ್ನು ಹೊತ್ತು ಗೂಡಿಗೆ ಸಾಗಿಸಿ, ತಿನ್ನುವುದನ್ನು ತಿಂದು, ಬೀಜವನ್ನು ಹಾಗೆಯೇ ಬಿಸಾಡುತ್ತವೆ, ಬಿತ್ತನೆ ಆದಂತಾಯಿತು. ಒಂದು ಚಳಿಗಾಲ ಕಳೆದ ಮೇಲೆ ಬೀಜವು ಬೇರನ್ನು ಮಾತ್ರ ಬಿಡುತ್ತದೆ. ಎರಡನೆಯ ಚಳಿಗಾಲ ಕಳೆದ ಮೇಲೆ ಮೊದಲ ಎಲೆ ಹೊರಗೆ ಕಾಣುತ್ತದೆ. ಹೂಬಿಡುವ ಹೊತ್ತಿಗೆ ಸುಮಾರು ಏಳು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಹೂವನ್ನು ಕೀಳುವವನು ಸಾಮಾನ್ಯವಾಗಿ ಅದರ ಕೆಳಗಿರುವ ಮೂರು ಎಲೆಗಳನ್ನೂ ಕಿತ್ತೇ ಕೀಳುವನಾದ್ದರಿಂದ, ಆ ವರ್ಷದ ಊಟವನ್ನೇ ಕಳೆದುಕೊಂಡ ಗಿಡವು ಮತ್ತೆ ಚೇತರಿಸಿಕೊಳ್ಳುವುದಕ್ಕೆ ವರ್ಷಗಳೇ ಹಿಡಿಯುವುವು. ಇಷ್ಟನ್ನು ತಿಳಿದ ಮೇಲೆ ಆ ಇಳಿಜಾರಿನ ಬಿಳುಪು ನನಗೆ ಬೇರೆಯಾಗಿ ಕಂಡಿತು. ಒಂದು ವಾರಕ್ಕೆಂದು ಬೆಳೆಸಿದ ಹೂವಿಗೂ ಏಳು ವರ್ಷ ಕಾದು ಬಂದ ಹೂವಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಹೆಚ್ಚಿಲ್ಲ. ಆದರೆ ಆ ವ್ಯತ್ಯಾಸವನ್ನು ಜನಕ್ಕೆ ತಿಳಿಸಿಕೊಡದ ಉದ್ಯಾನವು ತನ್ನ ಕರ್ತವ್ಯದಲ್ಲಿ ಅರ್ಧವನ್ನು ಮಾತ್ರ ಮಾಡಿದಂತೆ.

ಮೇ ಕಳೆಯುವ ಹೊತ್ತಿಗೆ ಅರಳುವ ಲೇಡೀಸ್ ಸ್ಲಿಪ್ಪರ್ ಎಂಬ ಗುಲಾಬಿಬಣ್ಣದ ನೆಲದ ಆರ್ಕಿಡ್ಡಿನ ಕಥೆಯು ಇನ್ನೂ ಕಟ್ಟುನಿಟ್ಟಾದುದು. ಅದರ ಧೂಳಿನಂತಹ ಬೀಜದಲ್ಲಿ ಆಹಾರವೆಂಬುದೇ ಇಲ್ಲ. ನೆಲದೊಳಗಣ ಒಂದು ಬಗೆಯ ಶಿಲೀಂಧ್ರವು ಬಂದು ಉಣಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದಲೇ ಕಾಡಿನಿಂದ ಅದನ್ನು ಅಗೆದು ಮನೆಯ ಅಂಗಳಕ್ಕೆ ತಂದವರೆಲ್ಲ ಬಹುಮಟ್ಟಿಗೆ ಶವವನ್ನು ತಂದವರೇ ಆಗುತ್ತಾರೆ.

ಜುಲೈ ತಿಂಗಳಿನಲ್ಲಿ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಟ್ರಿಲಿಯಂ ಇದ್ದ ಜಾಗದಲ್ಲಿ ಏನೂ ಇಲ್ಲ. ಬ್ಲೂಬೆಲ್ ಇತ್ತೆಂಬುದಕ್ಕೆ ಗುರುತೇ ಇಲ್ಲ. ಮೇಲೆ ಓಕ್ ಮೇಪಲ್‌ಗಳ ದಟ್ಟವಾದ ಚಪ್ಪರ, ಕೆಳಗೆ ಜರಿಗಿಡಗಳ ಹಸುರು, ಅದರ ಮೇಲೆ ಮತ್ತೊಂದು ಹಸುರು, ಸಾಲದುದಕ್ಕೆ ಮಲೆನಾಡಿನ ಸೊಳ್ಳೆಗಳಿಗೆ ಯಾವ ವಿಧದಲ್ಲಿಯೂ ಕಡಮೆಯಲ್ಲದ ಸೊಳ್ಳೆಗಳು. "ಇಲ್ಲಿ ಏನೂ ಇಲ್ವಲ್ಲ ತಾತ, ಮನೆಗೆ ಹೋಗೋಣ" ಎಂದು ಹುಡುಗನು ರಾಗ ತೆಗೆದನು. ಸಂದರ್ಶಕರೂ ವಿರಳ. ಆದರೆ ಇಂತಹ ವನದ ಪರೀಕ್ಷೆ ನಡೆಯುವುದು ಈ ಹೂವಿಲ್ಲದ ತಿಂಗಳುಗಳಲ್ಲಿಯೇ ಎಂದು ನನ್ನ ಅಭಿಪ್ರಾಯ. ಬೇರೊಂದು ಬಗೆಯ ಉದ್ಯಾನವಾಗಿದ್ದರೆ ಆ ಖಾಲಿ ಜಾಗವನ್ನು ಯಾರಾದರೊಬ್ಬ ಅಧಿಕಾರಿಯು ಕಂಡು, ಮರುದಿನವೇ ಅಲ್ಲಿ ಕೆಂಪು ಸಾಲ್ವಿಯಾದ ಕುಂಡಗಳನ್ನು ಜೋಡಿಸಿರುತ್ತಿದ್ದನು. ಖಾಲಿಯೆಂದು ಕಂಡ ಆ ನೆಲದಡಿಯಲ್ಲಿ ಸಾವಿರಾರು ಗೆಡ್ಡೆಗಳು ನಿದ್ರಿಸುತ್ತಿವೆ. ಅವುಗಳ ನಿದ್ರೆಯನ್ನು ಗೌರವಿಸುವುದೂ ತೋಟಗಾರನ ವಿದ್ಯೆಯಲ್ಲಿ ಸೇರಿದ ಅಂಶ. ಹುಡುಗನ ಬೇಸರ ತೀರಿದುದು ತೊರೆಯ ಬದಿಯಲ್ಲಿ. ಕಡುಗೆಂಪು ಬಣ್ಣದ ಕಾರ್ಡಿನಲ್ ಹೂವು ಆಗ ತಾನೇ ಅರಳತೊಡಗಿತ್ತು. ಅದರ ಮುಂದೆ, ಕೊಂಬೆಯ ಆಸರೆಯಿಲ್ಲದೆ ಗಾಳಿಯಲ್ಲಿಯೇ ನಿಂತು, ಹಮ್ಮಿಂಗ್‌ಬರ್ಡ್ ಒಂದು ಮಕರಂದ ಹೀರುತ್ತಿದ್ದಿತು. ಈ ಕಾರ್ಡಿನಲ್ ಹೂವು ಲೊಬೀಲಿಯ ಜಾತಿಯದು. ಅದೇ ಜಾತಿಯ ಎತ್ತರದ ಗಿಡವೊಂದು ನಮ್ಮ ಬಾಬಾಬುಡನ್‌ಗಿರಿ, ಕುದುರೆಮುಖಗಳ ಹುಲ್ಲುಗಾವಲಿನಲ್ಲಿ ಕಾಡುಹೊಗೆಸೊಪ್ಪು ಎಂಬ ಹೆಸರಿನಿಂದ ಬೆಳೆಯುತ್ತದೆಯೆಂದು ಹೇಳಿದೆ. ಅದನ್ನು ನೋಡಲು ಯಾವ ತೋಟಕ್ಕೆ ಹೋಗಬೇಕೆಂದು ಅವನು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಅಕ್ಟೋಬರಿನಲ್ಲಿ ಎಲೆಗಳು ಬಣ್ಣವೇರುವ ವೈಭವವನ್ನು ಅಮೆರಿಕಕ್ಕೆ ಹೋಗಿಬಂದ ಪ್ರತಿಯೊಬ್ಬರೂ ವರ್ಣಿಸಿರುವುದರಿಂದ ನಾನು ಮತ್ತೆ ವರ್ಣಿಸುವುದು ಅನವಶ್ಯಕ. ಹಗಲು ಕುಗ್ಗಿ ಚಳಿ ಹೆಚ್ಚಿದಂತೆ ಹಸುರು ವರ್ಣದ್ರವ್ಯವು ಕರಗಿ, ಅದರ ಮರೆಯಲ್ಲಿ ಮೊದಲಿನಿಂದಲೂ ಇದ್ದ ಹಳದಿಯು ಬಯಲಾಗುತ್ತದೆಂದೂ, ಕೆಂಪು ಮಾತ್ರ ಆಗ ಹೊಸದಾಗಿ ಹುಟ್ಟುತ್ತದೆಂದೂ ಸೂಚಿಸಿದರೆ ಸಾಕು. ಜನರೆಲ್ಲ ತಲೆಯೆತ್ತಿ ಮೇಪಲ್ ಮರಗಳನ್ನು ನೋಡುತ್ತ ಮುಂದೆ ಹೋಗುವಾಗ, ಅವುಗಳ ಕೆಳಗೆ ವಿಚ್ ಹೇಜಲ್ ಎಂಬ ಪೊದೆಯು, ಎಲ್ಲ ಗಿಡಗಳೂ ಅಂಗಡಿ ಮುಚ್ಚುವ ಹೊತ್ತಿನಲ್ಲಿ, ಹಳದಿ ನೂಲಿನ ಎಳೆಗಳಂತಹ ದಳಗಳನ್ನು ಬಿಚ್ಚಿಕೊಂಡು ಹೂಬಿಡಲು ಪ್ರಾರಂಭಿಸುತ್ತದೆ. ಹಿಂದಿನ ವರ್ಷದ ಕಾಯಿಗಳು ಅದೇ ಕಾಲದಲ್ಲಿ ಒಡೆದು ಬೀಜಗಳನ್ನು ಹಲವಾರು ಅಡಿಗಳ ದೂರಕ್ಕೆ ಸಿಡಿಸುವುದರಿಂದ, ಹೂವೂ ಬೀಜವೂ ಒಂದೇ ಕೊಂಬೆಯಲ್ಲಿ ಒಂದೇ ದಿನ ನೋಡಸಿಗುತ್ತವೆ.

ಇಷ್ಟೆಲ್ಲವನ್ನೂ ಓದಿದವರು ಇಂತಹ ವನವು ತಾನೇ ತಾನಾಗಿ ನಡೆಯುವುದೆಂದೂ, ಏನನ್ನೂ ಮಾಡದೆ ಬಿಡುವುದೇ ಅದರ ರಹಸ್ಯವೆಂದೂ ಭಾವಿಸಬಾರದು. ಬಿಟ್ಟುಬಿಟ್ಟರೆ ಅಲ್ಲಿ ಬರುವುದು ಕಾಡಲ್ಲ, ಕಳೆ. ನಮ್ಮ ಕಾಡುಗಳನ್ನು ಲಂಟಾನವೂ, ಕರಾವಳಿ ಮಲೆನಾಡುಗಳ ಜನ ಹಾಸ್ಯವಾಗಿ ಕಮ್ಯುನಿಸ್ಟ್ ಗಿಡವೆಂದು ಕರೆಯುವ ಯುಪಟೋರಿಯಮ್ಮೂ ಆಕ್ರಮಿಸಿರುವಂತೆಯೇ, ಆ ಪ್ರಾಂತದ ಕಾಡುಗಳನ್ನು ಯೂರೋಪಿನ ಗಾರ್ಲಿಕ್ ಮಸ್ಟರ್ಡ್, ಏಷ್ಯದ ಬಿಟರ್‌ಸ್ವೀಟ್ ಬಳ್ಳಿಗಳು ಆಕ್ರಮಿಸಿವೆ. ಅವನ್ನು ಕೈಯಿಂದ ಕೀಳುವ ಕೆಲಸಕ್ಕೆ ಮುಗಿವೆಂಬುದಿಲ್ಲ. ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದುದು ಎರೆಹುಳುವಿನ ವಿಚಾರ. ಎರೆಹುಳು ರೈತನ ಮಿತ್ರನೆಂದು ಪ್ರಾಥಮಿಕ ಶಾಲೆಯಲ್ಲಿಯೇ ಕಲಿತು ಬೆಳೆದ ನಮಗೆ, ಅದೂ ಒಂದು ಕಡೆ ಶತ್ರುವಾಗಬಹುದೆಂಬ ಕಲ್ಪನೆಯೂ ಬರಲಾರದು. ಆದರೆ ಹಿಮರಾಶಿಯು ಮುಚ್ಚಿದ್ದ ಆ ಪ್ರಾಂತದಲ್ಲಿ ಹಿಮಯುಗದ ತರುವಾಯ ದೇಶೀಯವಾದ ಎರೆಹುಳುಗಳು ಇರಲಿಲ್ಲ. ಎಲೆಯ ತರಗು ನಿಧಾನವಾಗಿ, ಶಿಲೀಂಧ್ರಗಳಿಂದಲೇ ಕೊಳೆತು, ಪದರಪದರವಾಗಿ ಕೂಡುವ ಮೆತ್ತನೆಯ ಹಾಸಿನಲ್ಲಿ ಬಾಳುವುದಕ್ಕೆ ಟ್ರಿಲಿಯಂ ಮುಂತಾದವು ಒಗ್ಗಿಕೊಂಡಿದ್ದವು. ವಲಸೆಗಾರರೊಡನೆ ಯೂರೋಪಿನಿಂದಲೂ, ಈಚೆಗೆ ಏಷ್ಯದಿಂದಲೂ ಬಂದ ಎರೆಹುಳುಗಳು ಆ ಹಾಸನ್ನು ಕಬಳಿಸಿ ನೆಲವನ್ನು ಬರಿದು ಮಾಡುತ್ತಿವೆ. ಒಂದು ನೆಲದ ಧರ್ಮವು ಇನ್ನೊಂದು ನೆಲಕ್ಕೆ ಅಧರ್ಮವಾಗಬಹುದಾದ್ದರಿಂದ, ಫ್ರೇಮಿಂಗ್‌ಹ್ಯಾಮನ್ನು ಎತ್ತಿ ತಂದು ಬೆಂಗಳೂರಿನಲ್ಲಿಯೋ ಶಿವಮೊಗ್ಗದಲ್ಲಿಯೋ ಇಳಿಸಬೇಕೆಂದು ನಾನು ಹೇಳಿದರೆ ಅದಕ್ಕಿಂತ ಅವಿವೇಕ ಮತ್ತೊಂದಿಲ್ಲ.

ಏಕೆಂದರೆ ನಮ್ಮ ಕಾಡಿನ ಪಂಚಾಂಗವೇ ಬೇರೆ. ಅಲ್ಲಿ ಕಾಡಿನ ನೆಲವನ್ನು ಆಳುವುದು ಬೆಳಕು. ಇಲ್ಲಿ ಆಳುವುದು ನೀರು. ಅಲ್ಲಿ ಮರ ಎಲೆಬಿಡುವ ಮೊದಲು ನೆಲ ಹೂಬಿಡುತ್ತದೆ. ಇಲ್ಲಿ ಮಾಘ ಫಾಲ್ಗುಣಗಳಲ್ಲಿ ನೆಲವೆಲ್ಲ ಒಣಗಿ ಬಿರಿದಿರುವಾಗ, ಬೂರುಗ ಮುತ್ತುಗಗಳು ಒಂದೆಲೆಯನ್ನೂ ಉಳಿಸಿಕೊಳ್ಳದೆ ಮೈಯೆಲ್ಲ ಹೂವಾಗಿ ನಿಲ್ಲುತ್ತವೆ. ಅವರ ಮರಗಳು ಎಲೆಯ ಸಾವಿನಲ್ಲಿ ಕೆಂಪಾದರೆ, ನಮ್ಮ ನಾಗಸಂಪಿಗೆ, ಅರಳಿ, ಮಾವುಗಳು ಎಲೆಯ ಹುಟ್ಟಿನಲ್ಲಿ ಕೆಂಪಾಗುತ್ತವೆ. ನಮ್ಮ ನೆಲ ಎಚ್ಚರಗೊಳ್ಳುವುದು ಮುಂಗಾರಿನ ಮೊದಲ ಹನಿಗಳಿಗೆ. ಕಾಡರಿಶಿನವು ಮಣ್ಣನ್ನು ಸೀಳಿಕೊಂಡು ಹೂಗೊನೆಯನ್ನು ಮೇಲೆತ್ತುತ್ತದೆ. ಕೊಂಬೆಗಳ ಮೇಲೆ ಸೀತಾಳೆದಂಡೆ ಇಳಿಬೀಳುತ್ತದೆ. ಮೃಗಶಿರಾ ಮಳೆ ಹಿಡಿದ ಮೇಲೆ, ಅಲ್ಲಿಯ ವನದಲ್ಲಿಯೂ ನಾನು ಕಂಡ ಅರಿಸೀಮಾ ಎಂಬ ಹಾವಿನ ಹೆಡೆಯಾಕಾರದ ಗಿಡದ ದಾಯಾದಿಗಳು ಘಟ್ಟದ ಮರದಡಿಯಲ್ಲಿ ತಲೆಯೆತ್ತುತ್ತವೆ. ಶ್ರಾವಣ ಭಾದ್ರಪದಗಳಲ್ಲಿ ಜಿನುಗುವ ಬಂಡೆಗಳ ಮೇಲೆ ಕರ್ಣಕುಂಡಲ, ಬೇಲಿಯ ಮೇಲೆ ಬೆಂಕಿಯ ನಾಲಗೆಯಂತಹ ಗೌರಿಹೂವು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿಯನ್ನು ಕುರಿತಂತೂ ಹೇಳುವುದೇ ಬೇಡ; ಅದನ್ನು ನೆಟ್ಟ ಉದ್ಯಾನದ ಪೂರ್ಣದರ್ಶನಕ್ಕೆ ಒಂದು ಪುಷ್ಕರವೇ ಬೇಕಾದೀತು. ಇಷ್ಟು ಸಂಪತ್ತಿದ್ದೂ, ನಗರದಲ್ಲಿ ಹುಟ್ಟಿ ಬೆಳೆಯುವ ಕನ್ನಡದ ಮಗುವು ಇವುಗಳಲ್ಲಿ ಒಂದನ್ನಾದರೂ ಅದರ ಮಾಸದಲ್ಲಿ, ಅದರ ಮಣ್ಣಿನಲ್ಲಿ, ಅದರ ನೆರಳಿನಲ್ಲಿ ನೋಡಬೇಕೆಂದರೆ ನಮ್ಮ ಉದ್ಯಾನಗಳಲ್ಲಿ ಎಲ್ಲಿ ನೋಡಬೇಕು?

ನಮ್ಮ ಹಿಂದಿನವರಿಗೆ ಈ ದೃಷ್ಟಿ ಸರ್ವಥಾ ಇರಲಿಲ್ಲವೆಂದಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ಲರು, ಒಂದು ಬೀದಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಬೀದಿಯ ಹೂವು ಮೊದಲಾಗುವಂತೆ ಬೆಂಗಳೂರಿನ ಸಾಲುಮರಗಳನ್ನು ಯೋಜಿಸಿದುದು ಋತುಪ್ರಜ್ಞೆಯ ಒಂದು ದೊಡ್ಡ ಕಾರ್ಯವೇ ಸರಿ. ಆದರೆ ಆ ಸಾಲುಗಳಲ್ಲಿ ಮೆರೆದ ಜಕರಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಮರದಡಿಯ ನೆಲವಂತೂ ಆ ಯೋಜನೆಯಲ್ಲಿ ಸೇರಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪಶ್ಚಿಮಘಟ್ಟದ ವೃಕ್ಷಗಳನ್ನು ನೆಟ್ಟು ಬೆಳೆಸಿದ ಪುಟ್ಟ ಕಾಡೊಂದಿದೆ. ಬಯಲುಸೀಮೆಯ ಊರಿನಲ್ಲಿಯೂ ಘಟ್ಟದ ಮರ ಬಾಳಬಲ್ಲದೆಂಬುದಕ್ಕೆ ಅದು ಸಾಕ್ಷಿ. ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕಿ ದೇವರಕಾಡುಗಳಿವೆ. ಆದರೆ ಅವು ಭಕ್ತಿಯ ಸ್ಥಳಗಳು, ನಮ್ಮಂತಹ ನೋಟಕರು ನುಗ್ಗತಕ್ಕವಲ್ಲ.

ಕಾಡೇ ಇರುವಾಗ ಕಾಡಿನಂತಹ ತೋಟವೇಕೆಂದು ಕೇಳುವವರಿಗೆ, ರಜದ ದಿನಗಳಲ್ಲಿ ಮುಳ್ಳಯ್ಯನಗಿರಿಯ ದಾರಿಯನ್ನೊಮ್ಮೆ ನೋಡಿಬನ್ನಿರೆಂದು ಹೇಳಬೇಕಾಗುತ್ತದೆ. ಗಾಡಿಗಳ ಸಾಲು, ಹುಲ್ಲುಗಾವಲಿನ ಮೇಲೆ ಬಿದ್ದ ಬಾಟಲಿಗಳು, ತುಳಿದು ಸವೆದ ಇಳುಕಲು. ತುಳಿಯುವವರಿಗೆ ಹಸುರಿನ ಹಂಬಲವಿದೆಯೆಂಬುದು ನಿಜ. ಆ ಹಂಬಲವನ್ನು ಊರ ಹತ್ತಿರದಲ್ಲಿ, ಕಾಲುದಾರಿಯ ಕಟ್ಟಿನೊಳಗೆ, ತಿಳಿವಳಿಕೆಯೊಡನೆ ತಣಿಸಬಲ್ಲ ಜಾಗವಿದ್ದರೆ ಗಿರಿಯ ಮೇಲಣ ಭಾರವು ಸ್ವಲ್ಪವಾದರೂ ಇಳಿಯಬಹುದು. ತರಗೆಲೆಯನ್ನು ಗುಡಿಸದಿದ್ದರೆ ಹಾವು ಬರುವುದೆಂಬ ಆಕ್ಷೇಪಣೆಯೂ ಬಂದೇ ಬರುತ್ತದೆ. ಬರಲೂಬಹುದು, ಅದಕ್ಕಾಗಿಯೇ ದಾರಿಬಿಟ್ಟು ಇಳಿಯಬಾರದೆಂಬ ನಿಯಮವಿರಬೇಕು. ಗುಡಿಸಿದ ಎಲೆಯನ್ನು ಮೂಲೆಯಲ್ಲಿ ಸುಟ್ಟು, ಆಮೇಲೆ ಗೊಬ್ಬರಕ್ಕೆಂದು ಹಣ ತೆರುವ ನಮ್ಮ ಪದ್ಧತಿಯು ಹಾವಿಗಿಂತ ಹೆಚ್ಚು ಭಯಂಕರವೆಂದು ನನಗೆ ತೋರುತ್ತದೆ. ಕರ್ಟಿಸನ ವನಕ್ಕೆ ಚಂದಾ ಕೊಡುವ ಸದಸ್ಯರೂ ಕಳೆ ಕೀಳುವ ಸ್ವಯಂಸೇವಕರೂ ಇದ್ದಾರೆ, ನಮ್ಮಲ್ಲಿ ಎಲ್ಲವನ್ನೂ ಸರ್ಕಾರವೇ ಮಾಡಬೇಕು ಎಂಬ ಮಾತಿಗೆ ಮಾತ್ರ ನನ್ನಲ್ಲಿ ಸಿದ್ಧವಾದ ಉತ್ತರವಿಲ್ಲ; ಆದರೆ ಕೆರೆಗಳನ್ನು ಉಳಿಸಲು ಮುಂದೆ ಬಂದ ಬಡಾವಣೆಗಳ ಜನ ಕಾಡಿನ ಒಂದು ತುಂಡನ್ನು ನೋಡಿಕೊಳ್ಳಲಾರರೆಂದು ಮೊದಲೇ ತೀರ್ಮಾನಿಸುವುದು ಅನ್ಯಾಯ.

ದೊಡ್ಡ ಯೋಜನೆಯೂ, ಶಂಕುಸ್ಥಾಪನೆಯ ಕಲ್ಲೂ ಸದ್ಯಕ್ಕೆ ಬೇಕಿಲ್ಲ. ನಮ್ಮ ಯಾವುದಾದರೊಂದು ಹಳೆಯ ಉದ್ಯಾನದಲ್ಲಿ, ಮರಗಳು ಗುಂಪಾಗಿ ಬೆಳೆದು ನೆರಳು ಕಟ್ಟಿರುವ ಒಂದೆರಡು ಎಕರೆಯ ಮೂಲೆಯನ್ನು ತೋಟಗಾರಿಕೆ ಇಲಾಖೆಯವರು ಗುರುತಿಸಲಿ. ಅಲ್ಲಿ ಪೊರಕೆ ಆಡಕೂಡದು, ಎಲೆ ಸುಡಕೂಡದು, ಬಣ್ಣದ ದೀಪ ತೂಗಹಾಕಕೂಡದು ಎಂದು ಒಂದು ಆಜ್ಞೆಯನ್ನು ಹೊರಡಿಸಲಿ. ಕಾಡಿನಿಂದ ಕಿತ್ತು ತರದೆ ಬೀಜದಿಂದ ಬೆಳೆಸಿದ ಕಾಡರಿಶಿನ, ಕರ್ಣಕುಂಡಲ, ಗೌರಿಹೂವುಗಳನ್ನು ಮುಂಗಾರಿನಲ್ಲಿ ನೆಟ್ಟು, ಲಂಟಾನ ತಲೆಯೆತ್ತಿದಾಗಲೆಲ್ಲ ಕೀಳಿಸುತ್ತಿರಲಿ. ಬಾಗಿಲಲ್ಲಿ ಒಂದು ಕಪ್ಪುಹಲಗೆಯನ್ನು ನಿಲ್ಲಿಸಿ, ಈ ಪಕ್ಷದಲ್ಲಿ ಇಲ್ಲಿ ಏನನ್ನು ನೋಡಬಹುದೆಂಬುದನ್ನು ಸೀಮೆಸುಣ್ಣದಿಂದ ಬರೆಯುವ ಒಬ್ಬ ಮಾಲಿಯನ್ನು ನೇಮಿಸಲಿ. ಪುಷ್ಯ ಮಾಸದಲ್ಲಿ ಆತನು ಹಲಗೆಯ ಮೇಲೆ ‘ಒಣಗಿದ ಎಲೆ’ ಎಂದಷ್ಟೇ ಬರೆದರೂ, ಅದಕ್ಕಾಗಿ ಮೇಲಧಿಕಾರಿಗಳು ಆತನಿಂದ ಸಮಜಾಯಿಷಿ ಕೇಳದಿರಲಿ.